ಹಳೆಯ ಸೀರೆ ಇಲ್ಲದ ನೇಕಾರನ ಮನೆ

ಅಂಗಡಿಯಲ್ಲಿ ಬಟ್ಟೆ ಕೈಗೆ ಸಿಕ್ಕರೆ ಅದನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ನೋಡುವ ಅಭ್ಯಾಸ ನನಗಿದೆ. ನಾಲ್ಕು ಜನರ ಮುಂದೆ ಮಾಡುವಂಥ ಅಭ್ಯಾಸ ಇದಲ್ಲ ಎಂಬುದು ಮೊನ್ನೆ ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ, ಕೂಸುಗಳ ಸಾಮಾನು ಮಾರುವ ಅಂಗಡಿಯಲ್ಲಿ ಗೊತ್ತಾಯಿತು. ಅಂಗೈ ಅಗಲದ ಹಳದಿ ಅಂಗಿಯೊಂದನ್ನು ರೆಪ್ಪೆಗೆ ಒತ್ತಿಕೊಂಡು ನಿಂತಿದ್ದೆ. ಅಂಗಡಿಯ ಮಾಲೀಕರು ಗಾಬರಿಯಿಂದ ನೀರಿನ ಬಾಟಲಿ ಹಿಡಿದುಕೊಂಡು ಬಂದರು.

"ಯಾಕ್ರಿ ಯಜಮಾನ್ರ, ಕಣ್ಣಾಗ ಏನರ ಬಿತ್ತೇನ್ರಿ?"

"ಏನಿಲ್ರಿ. ಅರಿವಿ ನೋಡಾಕತ್ತೀನಿ."

"ನೋಡಾಕ ಕಣ್ಣ ತಗೀಬೇಕಲ್ರಿ. ಮುಚ್ಚಿದ್ರ ಹ್ಯಾಂಗ ಕಾಣತೈತಿ?"

ಅಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ನಿಜ ಹೇಳಬೇಕೆಂದರೆ ಈ ಅಭ್ಯಾಸ ನನ್ನದಲ್ಲ, ನನ್ನ ಹೆಂಡತಿ ನೀಲವ್ವನದು. ನಾನು ನಲವತ್ತು ವರ್ಷ ಮಗ್ಗದ ಮೇಲೆ ಕೂತವನು. ನೂಲು ಮುಟ್ಟಿದರೆ ಎಷ್ಟನೆಯ ನಂಬರಿನದು ಎಂದು ಹೇಳಬಲ್ಲೆ. ಹಾಸಿನ ಉದ್ದ ನೂಲಿನಲ್ಲಿ ಒಂದು ಎಳೆ ಹರಿದರೆ ಮಗ್ಗದ ಸದ್ದಿನಲ್ಲೇ ತಿಳಿಯುತ್ತದೆ. ಆದರೆ ಬಟ್ಟೆ ಮೆತ್ತಗಿದೆಯೋ ಇಲ್ಲವೋ ಎಂಬುದು ಮಾತ್ರ ನನ್ನ ಬೆರಳುಗಳಿಗೆ ತಿಳಿಯುವುದಿಲ್ಲ, ಅವು ಜಡ್ಡುಗಟ್ಟಿಹೋಗಿವೆ. "ನಿಮ್ಮ ಬೆರಳಿಗೆ ಏನ್ ತಿಳೀತೈತಿ, ಮಣ್ಣ! ರೆಪ್ಪಿಗೆ ಚುಚ್ಚಲಿಲ್ಲಂದ್ರ ಕೂಸಿಗೂ ಚುಚ್ಚೂದಿಲ್ಲ" ಎಂದು ನೀಲವ್ವ ಹೇಳುತ್ತಿದ್ದಳು. ಅವಳು ಕಣ್ಣು ಮುಚ್ಚಿ ಬಟ್ಟೆ ಪರೀಕ್ಷಿಸುವುದನ್ನು ನೋಡಿ ನಾನು ಎಷ್ಟು ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಅವಳು ಹೋಗಿ ಎರಡು ವರ್ಷವಾಯಿತು. ಅವಳ ಅಭ್ಯಾಸ ಯಾವಾಗ ನನಗೆ ಅಂಟಿಕೊಂಡಿತೋ ನನಗೇ ಗೊತ್ತಿಲ್ಲ.

ಈ ವಯಸ್ಸಿನಲ್ಲಿ ನಾನು ಕೂಸಿನ ಅಂಗಡಿಗೆ ಏಕೆ ಹೋದೆ ಎಂದು ನೀವು ಕೇಳಬಹುದು. ನಮಗೆ ಒಬ್ಬಳೇ ಮಗಳು, ಮಂಜುಳಾ. ಅವಳನ್ನು ನರಗುಂದದ ಆಚೆ ಕೊಣ್ಣೂರಿಗೆ ಕೊಟ್ಟಿದ್ದೇವೆ. ಬೀಗರೂ ಒಂದು ಕಾಲಕ್ಕೆ ನೇಕಾರರೇ, ಮಗ್ಗ ಬಿಟ್ಟು ಹೊಳೆದಂಡೆಯ ಹೊಲ ಹಿಡಿದವರು. ಮಗಳಿಗೆ ಈಗ ಎಂಟು ತಿಂಗಳು. ಚೊಚ್ಚಲ ಬಾಣಂತನ ತವರುಮನೆಯಲ್ಲೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ಇಲ್ಲಿ ಹೆರಿಗೆ ದವಾಖಾನೆ ನಡೆದು ಹೋಗುವಷ್ಟು ಹತ್ತಿರವಿದೆ. ಬಾಣಂತಿಗೆ ಬೇಯಿಸಿ ಹಾಕಲು, ಕೂಸಿಗೆ ಎರೆಯಲು ನನ್ನ ನಾದಿನಿ, ನೀಲವ್ವನ ತಂಗಿ ಗಂಗವ್ವ ಸವಡಿಯಿಂದ ಬಂದು ಮೂರು ತಿಂಗಳು ಇರುವುದಾಗಿ ಮಾತು ಕೊಟ್ಟಿದ್ದಳು. ಎಲ್ಲ ಸರಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಮಂಜುಳಾಳ ಅತ್ತೆ ಬಸವ್ವನವರು ಫೋನ್ ಮಾಡಿದರು.

"ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎರಿಯಾಕ, ಬೇಯಿಸಾಕ ನಿಮ್ಮ ನಾದಿನಿ ಬರ್ತಾಳ, ಆತು. ಆದ್ರ ಕೂಸಿಗೆ ಯಾವದು ಆಗತೈತಿ, ಯಾವದು ಆಗೂದಿಲ್ಲ ಅಂತ ನೋಡಾವ್ರು ಯಾರು? ಅದಕ್ಕ ತಾಯಿ ಕಣ್ಣ ಬೇಕ್ರಿ. ಗಂಡಸರಿಗೆ ಹ್ಯಾಂಗ ತಿಳೀಬೇಕು? ಇಲ್ಲೇ ಮಾಡಿದ್ರಾತು ಬಿಡ್ರಿ."

ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ಅದೇ ನನಗೆ ಹೆಚ್ಚು ನಾಟಿತು. ಮಳೆ ಜೋರಾದರೆ ನಿಮ್ಮ ಕಡೆ ಹೊಳೆ ಏರಿ ಸೇತುವೆ ಮುಳುಗುತ್ತದೆ, ಮನೆಮಂದಿಯೆಲ್ಲ ಹೊಲದ ಪಂಪು ಎತ್ತಿ ತರುವ ಗಡಿಬಿಡಿಯಲ್ಲಿರುತ್ತೀರಿ ಎಂದು ಏನೇನೋ ಹೇಳಿದೆ. ಅವರು ಜಗ್ಗಲಿಲ್ಲ. ಕೊನೆಗೆ ಬಾಯಿಂದ ಒಂದು ಮಾತು ಹೊರಬಿದ್ದುಬಿಟ್ಟಿತು.

"ಬರೂ ಸೋಮವಾರದ ಮುಂದಿನ ಸೋಮವಾರ ಮಂಜುಳಾನ್ನ ಕರಕೊಂಡ ಬರ್ರಿ. ಮನಿ ನೋಡ್ರಿ. ಕೂಸಿಗೆ ಏನೇನ ಮಾಡಿಟ್ಟೀನಿ ಎಲ್ಲಾ ನೋಡ್ರಿ. ಮನಸಿಗೆ ಬಂದ್ರ ಬಿಟ್ಟ ಹೋಗ್ರಿ, ಇಲ್ಲಂದ್ರ ನೀವ ಕರಕೊಂಡ ಹೋಗ್ರಿ."

"ಆತ್ರಿ" ಎಂದರು. ಹೆಣ್ಣು ನೋಡಲು ಬರುವವರ ಮುಂದೆ ಹುಡುಗಿ ಕೂತಂತೆ ಈ ಅರವತ್ತೆರಡರ ನೇಕಾರ ಪರೀಕ್ಷೆಗೆ ಕೂರಬೇಕಾಯಿತು.

ಮಂಜುಳಾ ಕೊಣ್ಣೂರಿನಲ್ಲೇ ಹಡೆದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಮದುವೆಯ ಮಾರನೆಯ ದಿನದಿಂದಲೇ ನೀಲವ್ವ ಈ ಬಾಣಂತನದ ಕನಸು ಕಾಣುತ್ತಿದ್ದಳು. ಕೂಸಿನ ತೊಟ್ಟಿಲು ಯಾವ ತೊಲೆಗೆ ಕಟ್ಟಬೇಕು, ಯಾವ ಕಿಟಕಿಗೆ ಪರದೆ ಹಾಕಬೇಕು ಎಂದು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ದಿನಾ ಹೇಳುತ್ತಿದ್ದಳು. ಅವಳು ಮಾಡಬೇಕೆಂದಿದ್ದ ಆ ಒಂದು ಕೆಲಸ ಈ ಮನೆಯಲ್ಲೇ ಆಗಬೇಕೆಂಬುದು ನನ್ನ ಹಟವಾಗಿತ್ತು. ಹಟ ಎನ್ನುವುದಕ್ಕಿಂತ ಹಂಬಲ ಎಂದರೇ ಸರಿ.

ಹೀಗೆ ನಾನು ಅಂಗಡಿ ಹೊಕ್ಕೆ. ಹುಟ್ಟುವ ಮೊದಲೇ ಕೂಸಿಗೆ ಏನನ್ನೂ ಕೊಳ್ಳಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಆ ನಿಯಮವನ್ನು ನಾನು ಅರ್ಧ ಪಾಲಿಸಿದೆ. ಕೊಂಡೆ, ಆದರೆ ಚೀಲದ ಬಾಯಿ ಬಿಗಿಯಾಗಿ ಕಟ್ಟಿಟ್ಟೆ. ಆ ಅಂಗಡಿಯಲ್ಲಿ ಏನಿತ್ತು ಏನಿಲ್ಲ! ಬಣ್ಣದ ಗಿಲಕಿ, ಘಮಘಮ ಪೌಡರು, ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು, ಗಲ್ಲಕ್ಕೆ ಕಟ್ಟುವ ದಾರದ ಟೊಪ್ಪಿಗೆ, ಕಾಡಿಗೆಯ ಡಬ್ಬಿ, ಹಾಲಿನ ಬಾಟಲಿ, ಗಾಲಿ ಹಚ್ಚಿದ ವಾಕರು. ಪ್ರತಿಯೊಂದನ್ನೂ ಎತ್ತಿ ತೋರಿಸುವಾಗ ಮಾಲೀಕರು "ಎಲ್ಲಾರೂ ಇದನ್ನ ಒಯ್ತಾರ್ರಿ" ಎನ್ನುತ್ತಿದ್ದರು. ಎಲ್ಲರೂ ಒಯ್ಯುವುದನ್ನು ನಾನೊಬ್ಬ ಒಯ್ಯದಿದ್ದರೆ ಬಸವ್ವನವರು ಏನೆಂದುಕೊಂಡಾರು? ಎಲ್ಲವನ್ನೂ ಕಟ್ಟಿಸಿಕೊಂಡೆ. ಹಳದಿ ಅಂಗಿಗೆ ಬಾತುಕೋಳಿಯ ಆಕಾರದ ಗುಂಡಿಗಳಿದ್ದವು. ಅವು ನನಗೆ ಭಾರೀ ಹಿಡಿಸಿದ್ದವು.

ನಮ್ಮ ಓಣಿಯಲ್ಲಿ ಶೋಭಾ ಎಂಬ ನರ್ಸ್ ಇದ್ದಾಳೆ. ನನ್ನನ್ನು ಕಾಕಾ ಎಂದು ಕರೆಯುತ್ತಾಳೆ. ಹೊಗಳಲಿ ಎಂದು ಅವಳನ್ನು ಕರೆದು ಚೀಲ ಬಿಚ್ಚಿದೆ. ಅವಳು ಮಂಚದ ಮೇಲೆ ಎಲ್ಲವನ್ನೂ ಹರವಿಕೊಂಡು ಮೊದಲು ಆ ಬಾತುಕೋಳಿಯನ್ನು ಹಿಡಿದು ಜಗ್ಗಿದಳು. ಅದು ಕಿತ್ತು ಅವಳ ಕೈಗೆ ಬಂತು.

"ಕಾಕಾ, ಇದು ಕೂಸಿನ ಗಂಟಲದ ಅಳತಿ ತಗೊಂಡ ಮಾಡಿಧಾಂಗ ಐತಲ್ಲ!"

ಗಿಲಕಿಯನ್ನು ಉಗುರಿನಿಂದ ಕೆರೆದಳು. ಕೆಂಪು ಬಣ್ಣ ಉಗುರಿಗೆ ಹತ್ತಿತು. "ಇದು ಮೊದಲ ದಿನಾನ ಬಾಯಾಗ ಹೋಗತೈತಿ ನೋಡ್ರಿ" ಎಂದು ಬದಿಗಿಟ್ಟಳು. ಪೌಡರಿನ ಪುಡಿ ಕೂಸಿನ ಪುಪ್ಪುಸಕ್ಕೆ ಹೋಗುತ್ತದಂತೆ. ದಿಂಬಿನಿಂದ ಉಸಿರಿಗೆ ಅಡ್ಡಿಯಂತೆ. ಟೊಪ್ಪಿಗೆಯ ದಾರ ಕುತ್ತಿಗೆಗೆ ಬಿಗಿಯುತ್ತದಂತೆ. ಕಾಡಿಗೆ ಕಣ್ಣಿಗೆ ಬೇಡವೇ ಬೇಡ. ತಾಯಿಯ ಹಾಲು ಇರುವಾಗ ಬಾಟಲಿ ಯಾಕೆ? ವಾಕರನ್ನು ನೋಡಿದಾಗ ಮಾತ್ರ ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು.

"ಮನ್ಯಾಗ ಮಗ್ಗದ ಕುಣಿ ಇಟ್ಕೊಂಡು ಗಾಲೀದು ತಂದೀರಲ್ಲ ಕಾಕಾ!"

ನಾನು ತಂದದ್ದೆಲ್ಲ ಮಂಚದ ಆ ತುದಿಗೆ ಗುಡ್ಡೆಯಾಯಿತು. ಈ ತುದಿಯಲ್ಲಿ ಉಳಿದದ್ದು ಒಂದು ಜೊತೆ ಕಾಲುಚೀಲ. ಅದನ್ನೇ ಆಸೆಯಿಂದ ಎತ್ತಿ ತೋರಿಸಿದೆ.

"ಇದರಾಗ ಏನ್ ತಪ್ಪಿಲ್ಲಲ್ಲವಾ?"

"ಒಳಮಗ್ಗಲ ತಿರುವಿ ನೋಡ್ರಿ. ದಾರ ಜೋತಾಡಾಕತ್ತಾವ. ಒಂದ ಎಳಿ ಕೂಸಿನ ಬೆರಳಿಗೆ ಸುತ್ತಿಕೊಂಡ್ರ ಬಿಗದು ನೀಲಿ ಆಗತೈತಿ. ನೀವು ನೇಕಾರ್ರು, ಎಳೀ ತಾಕತ್ತ ನಿಮಗ ನಾ ಹೇಳಬೇಕೇನು?"

ನಲವತ್ತು ವರ್ಷ ಎಳೆಗಳ ನಡುವೆಯೇ ಬದುಕಿದ ನಾನು ತಲೆ ತಗ್ಗಿಸಿ ಕತ್ತರಿ ಹುಡುಕಿದೆ.

ಆಗ ನನಗೆ ಮಂಜುಳಾ ಕೂಸಾಗಿದ್ದಾಗಿನ ದಿನಗಳು ನೆನಪಾದವು. ಅವಳಿಗೆ ಇವು ಒಂದೂ ಇರಲಿಲ್ಲ. ಮಗ್ಗದ ಪಕ್ಕದ ತೊಲೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆವು. ಲಾಳಿ ಆಚೆಯಿಂದ ಈಚೆಗೆ ಓಡುವ ಸದ್ದೇ ಜೋಗುಳ. ಕರೆಂಟು ಹೋದರೂ ಮಲಗಿರುತ್ತಿದ್ದಳು, ಮಗ್ಗ ನಿಂತರೆ ಮಾತ್ರ ಎದ್ದು ಚೀರುತ್ತಿದ್ದಳು. ಆಟಕ್ಕೆ ಬಣ್ಣವಿಲ್ಲದ ಒಂದು ಹಳೆಯ ಮರದ ಲಾಳಿ. ನೀಲವ್ವ ಅದರ ಎರಡೂ ಚೂಪು ತುದಿಗಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ದುಂಡಗೆ ಮಾಡಿ, ತನ್ನ ನಾಲಿಗೆಯಿಂದ ನೆಕ್ಕಿ ನೋಡಿ ಕೊಟ್ಟಿದ್ದಳು. ಮಂಜುಳಾ ಅಂಬೆಗಾಲಿಟ್ಟ ದಿನವೇ, ನಾನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಹಲಗೆ ಬಂತು. ಕೆಲಸಕ್ಕೆ ಕೂರುವಾಗ ಹಲಗೆ ತೆಗೆಯಬೇಕು, ಎದ್ದಾಗ ಮುಚ್ಚಬೇಕು. ನೀರು ಕುಡಿಯಲು ಎದ್ದರೂ ಮುಚ್ಚಬೇಕು. ಒಮ್ಮೆ ಮರೆತೆ. ಅವತ್ತು ನೀಲವ್ವ ನನ್ನೊಡನೆ ಸಂಜೆಯ ತನಕ ಮಾತಾಡಲಿಲ್ಲ. ಬಸವ್ವನವರು ಹೇಳಿದ ಆ ತಾಯಿಯ ಕಣ್ಣು ನನ್ನ ಮನೆಯಲ್ಲೇ ಓಡಾಡಿಕೊಂಡಿತ್ತು, ನಾನು ಅದನ್ನು ಅವಳ ಕಿರಿಕಿರಿ ಎಂದುಕೊಂಡಿದ್ದೆ.

ಶೋಭಾ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು.

"ಅಂಗಡಿ ಸಾಮಾನೆಲ್ಲಾ ಇರ್ಲಿ ಕಾಕಾ. ಮನ್ಯಾಗ ಹಳೇ ನೂಲಿನ ಸೀರಿ ಇರತೈತಲ್ಲ, ಉಟ್ಟು ಉಟ್ಟು ಮೆತ್ತಗಾಗಿದ್ದು. ಅದನ್ನ ಕುದಿಯೂ ನೀರಾಗ ಅದ್ದಿ, ತೊಳದು, ಬಿಸಿಲಿಗೆ ಒಣಗಿಸಿ ಹರದು ಇಡ್ರಿ. ಸುತ್ತಾಕ, ಹಾಸಾಕ, ಲಂಗೋಟಿಗೆ ಎಲ್ಲಾಕ್ಕೂ ಅದ ಚಲೋ. ನೇಕಾರ್ರ ಮನ್ಯಾಗ ಸೀರಿಗೇನು ಕಡಿಮಿ?"

ಅವಳು ಹೋದ ಮೇಲೆ ಟ್ರಂಕು, ಮಾಡು, ಅಟ್ಟ ಎಲ್ಲ ಹುಡುಕಿದೆ. ನಮ್ಮ ಮನೆಯಲ್ಲಿ ಹಳೆಯ ಸೀರೆ ಒಂದೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ನೇಯುವುದು ನಮ್ಮೂರಿನ ಪಟ್ಟೆದಂಚಿನ ಸೀರೆ. ನೇಯ್ದದ್ದೆಲ್ಲ ವ್ಯಾಪಾರಿಗಳ ಮನೆಗೆ ಹೋಗುತ್ತದೆ. ಅವರು ಬೆಳಕಿಗೆ ಹಿಡಿದು ನೋಡಿ, ಎಲ್ಲಾದರೂ ಒಂದು ಎಳೆ ತಪ್ಪಿದ್ದರೆ ವಾಪಸು ಕೊಡುತ್ತಾರೆ. ಹಾಗೆ ವಾಪಸು ಬಂದ ಸೀರೆಗಳೇ ನೀಲವ್ವನ ಪಾಲು. "ನೀವು ತಪ್ಪಿದ್ರನ ನನಗೊಂದ ಸೀರಿ" ಎಂದು ನಗುತ್ತಿದ್ದಳು. ಅವಳು ಉಟ್ಟ ಒಂದೊಂದು ಸೀರೆಯಲ್ಲೂ ನನ್ನ ಒಂದೊಂದು ತಪ್ಪು ಇತ್ತು. ಯಾವ ಸೀರೆಯಲ್ಲಿ ಎಲ್ಲಿ ತಪ್ಪಿದ್ದೇನೆ ಎಂಬುದು ನನಗೆ ಬಾಯಿಪಾಠ. ಒಂದೆರಡು ಸಲ ಹಬ್ಬ ಹತ್ತಿರ ಬಂದಾಗ ಬೇಕೆಂದೇ ತಪ್ಪಿದ್ದೂ ಉಂಟು. ಅದು ಅವಳಿಗೆ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅವಳು ತೀರಿಕೊಂಡಾಗ ಹನ್ನೊಂದು ಸೀರೆಗಳಿದ್ದವು. ಹೋದವರ ಸೀರೆಗಳನ್ನು ಬಳಗದ ಹೆಣ್ಣುಮಕ್ಕಳಿಗೆ ಹಂಚುವುದು ನಮ್ಮಲ್ಲಿ ರೂಢಿ. ಒಂದೆರಡನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಾನು ಇಟ್ಟುಕೊಳ್ಳಲಿಲ್ಲ. ನನಗೆ ಅವು ಕಣ್ಣೆದುರಿಗೆ ಇರಬಾರದಾಗಿತ್ತು. ಮಂಜುಳಾ ಒಂದನ್ನು ಎದೆಗೆ ಅವಚಿಕೊಂಡು "ಅಪ್ಪಾ, ಇದೊಂದ ನನಗಿರ್ಲಿ" ಎಂದಳು. "ಅದರಾಗೇನೈತಿ, ತಪ್ಪ ಬಿದ್ದ ಸೀರಿ. ನಿನಗ ಹೊಸಾದು ನೇಯ್ದು ಕೊಡ್ತೀನಿ" ಎಂದು ಅವಳ ಕೈಯಿಂದ ತೆಗೆದು ಗಂಗವ್ವನ ಉಡಿಗೆ ಹಾಕಿದೆ. ನೇಕಾರನಿಗೆ ಹೊಸದು ಎಂಬುದೇ ದೊಡ್ಡದು. ಮಗಳು ಸೀರೆ ಕೇಳುತ್ತಿಲ್ಲ, ತಾಯಿಯನ್ನು ಕೇಳುತ್ತಿದ್ದಾಳೆ ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ಹೊಸದನ್ನು ನೇಯ್ದೂ ಕೊಟ್ಟೆ. ಅವಳು ಅದನ್ನು ಉಟ್ಟದ್ದನ್ನು ನಾನು ನೋಡಿಲ್ಲ.

ಈಗಲೂ ಬುದ್ಧಿ ಬಂದಿರಲಿಲ್ಲ ನೋಡಿ. ಹಳೆಯದು ಇಲ್ಲದಿದ್ದರೆ ಏನಂತೆ, ಕೂಸಿಗೆಂದೇ ತೆಳುವಾದ ಬಟ್ಟೆ ನೇಯುತ್ತೇನೆ ಎಂದು ಬಿಳಿಯ ನೂಲು ಏರಿಸಿ ಎರಡು ದಿನ ಕೂತೆ. ಬಣ್ಣವಿಲ್ಲ, ಕಸೂತಿಯಿಲ್ಲ, ಚಂದದ ಬಟ್ಟೆ ಇಳಿಯಿತು. ರೆಪ್ಪೆಗೆ ಒತ್ತಿಕೊಂಡರೆ ಚುಚ್ಚಿತು. ಹಾಸಿನ ನೂಲಿಗೆ ಗಂಜಿ ಹಾಕದೆ ಮಗ್ಗ ನಡೆಯುವುದಿಲ್ಲ. ಆ ಗಂಜಿ ಬಿಡಬೇಕು, ನೂಲು ಒಡೆದು ಮೆತ್ತಗಾಗಬೇಕು ಎಂದರೆ ಅದನ್ನು ಒಬ್ಬರು ವರ್ಷಗಟ್ಟಲೆ ಉಟ್ಟು, ಒಲೆಯ ಮುಂದೆ ಕೂತು, ಬೆವರಿ, ಒಗೆದು, ಮತ್ತೆ ಉಡಬೇಕು. ಆ ಕೆಲಸ ಯಾವ ಮಗ್ಗಕ್ಕೂ ಬರುವುದಿಲ್ಲ.

ಗಂಗವ್ವನ ಬಳಿಯಿದ್ದ ನೀಲವ್ವನ ಸೀರೆ ಕೇಳೋಣವೆಂದು ಮರುದಿನ ಬೆಳಿಗ್ಗೆ ರೋಣದ ಬಸ್ಸು ಹತ್ತಿದೆ. ರೋಣದಲ್ಲಿ ಇಳಿದು ಚಹಾ ಕುಡಿದು ಸವಡಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಹೆಸರಿನ ಕಾಯಿ ಬಿಡಿಸುವ ಹೆಂಗಸರು. ಬಣ್ಣಬಣ್ಣದ ಸೆರಗುಗಳನ್ನು ನೋಡುತ್ತ, ಇವರಲ್ಲಿ ಯಾರಾದರೂ ನೀಲವ್ವನ ಸೀರೆ ಉಟ್ಟಿದ್ದಾರೆಯೇ ಎಂದು ಕಿಟಕಿಗೆ ಮುಖ ಹಚ್ಚಿ ಹುಡುಕಿದೆ. ಪಕ್ಕದಲ್ಲಿದ್ದವರು ನನ್ನನ್ನು ಒಂದು ಥರ ನೋಡಿ ಸರಿದು ಕೂತರು. ಈ ವಯಸ್ಸಿನಲ್ಲಿ ಹೆಂಗಸರ ಸೆರಗು ನೋಡುವ ಮುದುಕನ ಬಗ್ಗೆ ಅವರು ಏನೆಂದುಕೊಂಡರೋ ದೇವರೇ ಬಲ್ಲ.

ನನ್ನ ಮಾತು ಕೇಳಿ ಗಂಗವ್ವನ ಕಣ್ಣಲ್ಲಿ ನೀರು ಬಂತು.

"ಮಾಮಾ, ಅಕ್ಕನ ಸೀರಿ ನಾ ಒಮ್ಮೆರ ಉಟ್ಟೀನಂತ ತಿಳದೀರೇನು? ಉಟ್ರ ಹರದ ಹೋದೀತಂತ ಟ್ರಂಕಿನ್ಯಾಗ ಇಟ್ಟೀನಿ. ಹುಳ ಬೀಳಬಾರದಂತ ಡಾಂಬರ ಗುಳಿಗಿ ಹಾಕಿ ಜ್ವಾಕಿ ಮಾಡೀನಿ. ನೀವ ಒಯ್ರಿ, ಅಕ್ಕನ ಮೊಮ್ಮಗೂಗ ಬರ್ಲಿ."

ಟ್ರಂಕಿನ ತಳದಿಂದ ಸೀರೆ ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿ ನೋಡಿದೆ. ಸೆರಗಿನಿಂದ ಒಂದು ಗೇಣು ದೂರದಲ್ಲಿ ಎರಡು ಎಳೆ ಜೊತೆಯಾಗಿ ಬಿದ್ದಿದ್ದವು. ಅದೇ ಸೀರೆ. ಯಾವುದೋ ಕ್ಷುಲ್ಲಕ ಮಾತಿಗೆ ನೀಲವ್ವನೊಡನೆ ಜಗಳವಾಡುತ್ತ ನೇಯ್ದದ್ದು. ಮಂಜುಳಾ ಎದೆಗೆ ಅವಚಿಕೊಂಡದ್ದೂ ಅದನ್ನೇ. ಗಂಗವ್ವ ನೀರು ತರಲು ಒಳಗೆ ಹೋದಾಗ ಯಾರೂ ನೋಡುತ್ತಿಲ್ಲವೆಂದು ಸೀರೆಯಲ್ಲಿ ಮುಖ ಮುಚ್ಚಿಕೊಂಡೆ. ಅವಳ ವಾಸನೆ ಬೇಕಾಗಿತ್ತು ನನಗೆ. ಒಲೆಯ ಹೊಗೆ, ಕೊಬ್ಬರಿ ಎಣ್ಣೆ, ನೂಲಿನ ಗಂಜಿ ಎಲ್ಲ ಬೆರೆತ ಆ ವಾಸನೆ. ಸಿಕ್ಕಿದ್ದು ಡಾಂಬರು ಗುಳಿಗೆಯ ಘಾಟು ಮಾತ್ರ. ಕಣ್ಣಲ್ಲಿ ನೀರು ಬಂದದ್ದು ಆ ಘಾಟಿಗೇ ಎಂದು ಗಂಗವ್ವನಿಗೆ ಹೇಳಿದೆ.

ಮನೆಗೆ ಬಂದು ಕುದಿಯುವ ನೀರಿನಲ್ಲಿ ಅದ್ದಿ ತೊಳೆದೆ, ಮಾಳಿಗೆಯ ಮೇಲೆ ಹರವಿದೆ. ಮತ್ತೆ ತೊಳೆದೆ. ಶೋಭಾಳನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವಳು ಬಗ್ಗಿ ಮೂಸಿದಳು, ಮುಖ ಸಪ್ಪಗಾಯಿತು.

"ಇದಕ್ಕ ಗುಳಿಗಿ ಹಾಕಿದ್ರೇನು ಕಾಕಾ?"

"ಹೌದವಾ. ತೊಳದೀನಲ್ಲ, ಎರಡ ಸಲ."

"ಬ್ಯಾಡ ಕಾಕಾ. ಕೆಲವು ಕೂಸುಗೋಳಿಗೆ ಈ ಗುಳಿಗಿ ಘಾಟ ಆಗೂದಿಲ್ಲ. ರಕ್ತ ಒಡದು, ಮೈ ಹಳದಿ ಆಗಿ ಕಾಮಣಿ ಏರತೈತಿ, ಜೀವಕ್ಕ ಬರತೈತಿ. ಯಾವ ಕೂಸಿಗೆ ಆಗೂದಿಲ್ಲ ಅಂತ ಹುಟ್ಟೂಕಿಂತ ಮೊದಲ ಹೇಳಾಕ ಬರೂದಿಲ್ಲ. ಹತ್ತ ಸಲ ತೊಳದ್ರೂ ನಾ ಧೈರ್ಯಾ ಹೇಳೂದಿಲ್ಲ."

ಅವಳು ಹೋದ ಮೇಲೂ ನಾನು ಆ ಸೀರೆಯನ್ನು ತೊಳೆದೆ. ಶುಕ್ರವಾರ ತೊಳೆದೆ, ಶನಿವಾರ ತೊಳೆದೆ. ಭಾನುವಾರದ ಬಿಸಿಲಿಗೆ ಘಾಟು ಬಹಳ ಕಡಿಮೆಯಾಯಿತು. ಇದೆಯೋ ಇಲ್ಲವೋ ಎಂಬಂತಾಯಿತು. ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೂಸು ಹುಟ್ಟಿದ ಕೂಡಲೇ ಅಜ್ಜಿಯ ಸೀರೆಯಲ್ಲಿ ಸುತ್ತಿಕೊಂಡು ಮಲಗಿರುವುದು ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ನೀಲವ್ವ ತನ್ನ ಮೊಮ್ಮಗುವನ್ನು ಎತ್ತಿಕೊಳ್ಳಲು ಉಳಿದಿದ್ದ ದಾರಿ ಅದೊಂದೇ ಎಂದು ನನಗೆ ಅನಿಸುತ್ತಿತ್ತು.

ಸೋಮವಾರ ಬಸವ್ವನವರು ಮಂಜುಳಾಳನ್ನು ಕರೆದುಕೊಂಡು 'ನೋಡಲು' ಬಂದೇ ಬಂದರು. ಮಗಳು ತುಂಬಿಕೊಂಡ ಮೈಯಲ್ಲಿ ನಿಧಾನವಾಗಿ ಹೊಸ್ತಿಲು ದಾಟಿದಳು. ಬಸವ್ವನವರು ನೀರು ಕುಡಿದು, ಎದ್ದು, ಮನೆಯನ್ನೆಲ್ಲ ನೋಡಿದರು. ಮಗ್ಗದ ಕುಣಿಗೆ ಹಲಗೆ ಹಾಕಿ ಮೊಳೆ ಬಡಿದದ್ದನ್ನು ಕಾಲಿನಿಂದ ಒತ್ತಿ ನೋಡಿದರು. ಮೂರು ತಿಂಗಳು ಮಗ್ಗ ಬಂದ್ ಎಂದು ಹೇಳಿದೆ. ಒಳಮಗ್ಗುಲಿನ ದಾರಗಳನ್ನೆಲ್ಲ ಕತ್ತರಿಸಿದ ಕಾಲುಚೀಲವನ್ನು ತಿರುವಿ ನೋಡಿದರು. ನಾನೇ ಹೊಲಿದ, ದಾರವಿಲ್ಲದ ಕುಂಚಿಗೆಯನ್ನು ನೋಡಿ, ಹೊಲಿಗೆಯ ಗಂಟುಗಳೆಲ್ಲ ಹೊರಮಗ್ಗುಲಿಗೆ ಇರುವುದನ್ನು ಕಂಡು ಹುಬ್ಬೇರಿಸಿದರು. ಆಮೇಲೆ ನಾನು ಹೆದರಿದ್ದ ಮಾತೇ ಬಂತು.

"ಹಳೇ ಅರಿವಿ ಎಲ್ಲೈತ್ರಿ ಬೀಗರ?"

ನಾನು ಉತ್ತರ ಕೊಡುವ ಮೊದಲೇ ಅವರು ಮಾಳಿಗೆ ಹತ್ತಿದ್ದರು. ಹಗ್ಗದ ಮೇಲಿದ್ದ ಸೀರೆಯನ್ನು ಮುಟ್ಟಿದೊಡನೆ ಅವರ ಮುಖ ಅರಳಿತು.

"ಅಯ್ಯ, ಬೀಗತೀದಲ್ರಿ ಇದು! ಮುತ್ತೈದಿ ಸೀರಿ. ಇದಕಿಂತ ಚಲೋದು ಬೇಕೇನ್ರಿ ಕೂಸಿಗೆ? ಇದೊಂದ ಇದ್ರ ಸಾಕು, ಮಂಜುಳಾ ಇಲ್ಲೇ ಇರ್ಲಿ. ತರ್ರಿ, ಇಬ್ರೂ ಕೂಡಿ ಹರಿಯೂಣು."

ನಾನು ಸುಮ್ಮನಿದ್ದರೆ ಸಾಕಿತ್ತು. ಮಗಳು ಉಳಿಯುತ್ತಿದ್ದಳು. ನನಗೆ ಬೇಕಾದದ್ದೆಲ್ಲ ಆಗುತ್ತಿತ್ತು. ಬಸವ್ವನವರು ಆಗಲೇ ಒಂದು ಅಂಚು ಹಿಡಿದು ಇನ್ನೊಂದನ್ನು ನನಗೆ ಚಾಚಿದ್ದರು. ನಾನು ಆ ಅಂಚು ಹಿಡಿದುಕೊಂಡೆ, ಮೂಸಿದೆ. ಘಾಟು ಬಹಳ ಸಣ್ಣಗೆ ಇನ್ನೂ ಇತ್ತು.

"ಬ್ಯಾಡ್ರಿ" ಎಂದೆ. "ಇದು ಕೂಸಿಗೆ ಬ್ಯಾಡ್ರಿ ಬೀಗತ್ಯಾರ." ಗುಳಿಗೆಯ ವಿಷಯ, ಶೋಭಾ ಹೇಳಿದ್ದು ಎಲ್ಲ ಹೇಳಿದೆ. "ಮನ್ಯಾಗ ಬ್ಯಾರೇ ಹಳೇದು ಒಂದೂ ಇಲ್ರಿ. ನಾನ ಎಲ್ಲಾ ಹಂಚಿಬಿಟ್ಟೆ. ಕರಕೊಂಡ ಹೋಗೂದಿದ್ರ ಕರಕೊಂಡ ಹೋಗ್ರಿ. ಆದ್ರ ಇದರಾಗ ಸುತ್ತಬ್ಯಾಡ್ರಿ."

ಅವರು ಸೀರೆಯನ್ನು ಮೆಲ್ಲಗೆ ಹಗ್ಗದ ಮೇಲೆ ಬಿಟ್ಟು ಕಟ್ಟೆಯ ಮೇಲೆ ಕೂತರು.

"ನನಗ ಇದು ಗೊತ್ತ ಇರ್ಲಿಲ್ರಿ" ಎಂದರು. "ನಾನೂ ಕೂಸಿಗಂತ ನಾಕ ಸೀರಿ ತಗದ ಇಟ್ಟೀನಿ. ಎಲ್ಲಾ ಟ್ರಂಕಿನ್ಯಾಗ ಅದಾವ, ಗುಳಿಗಿ ಹಾಕೇನ ಇಟ್ಟೀನಿ. ಅಲ್ಲೇ ಹಡದಿದ್ರ ಸುತ್ತೇ ಬಿಡ್ತಿದ್ದೆ."

ಕೆಳಗಿಳಿದು ತಮ್ಮ ಕೈಚೀಲ ತೆಗೆದರು. ರಾತ್ರಿ ವಸ್ತಿ ಇರಬೇಕಾದರೆ ಉಡಲು ಎಂದು ತಂದಿದ್ದ ಮನೆಬಳಕೆಯ ಸೀರೆ ಅದರಲ್ಲಿತ್ತು. "ದಿನಾ ಉಡೂದ್ರಿ ಇದು. ಹಗ್ಗದ ಮ್ಯಾಗಿಂದ ತಗೊಂಡು ಹಂಗ ಚೀಲಕ್ಕ ಹಾಕೀನಿ, ಟ್ರಂಕ ಕಂಡಿಲ್ಲ" ಎಂದರು. ಬಿಸಿನೀರಿಗೆ ಹಾಕಿ, ಒಣಗಿಸಿ, ಸಂಜೆಗೆ ನಾನೊಂದು ಅಂಚು ಅವರೊಂದು ಅಂಚು ಹಿಡಿದು ಕೂತೆವು. ಸಾವಿರಗಟ್ಟಲೆ ಸೀರೆ ನೇಯ್ದ ನಾನು ಒಂದನ್ನೂ ಹರಿದವನಲ್ಲ. ಕೈ ಏಳಲಿಲ್ಲ. "ಜಗ್ಗ್ರಿ ಬೀಗರ, ಹೆದರಬ್ಯಾಡ್ರಿ" ಎಂದು ಅವರೇ ಮೊದಲ ಸೀಳು ಹಾಕಿದರು. ಹದಿನಾಲ್ಕು ತುಂಡುಗಳಾದವು. ಮರುದಿನ ಬೆಳಿಗ್ಗೆ ಹೊರಡುವಾಗ ಮಂಜುಳಾಳ ತಲೆ ಸವರಿ, "ಇಲ್ಲೇ ಇರು. ನಿಮ್ಮಪ್ಪ ನೋಡ್ಕೊಂತಾರ" ಎಂದರು. ನರಗುಂದದ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾನು ಕೈ ಮುಗಿದುಕೊಂಡೇ ನಿಂತಿದ್ದೆ.

ಮನೆಗೆ ಬಂದರೆ ಮಂಜುಳಾ ಅಂಗಳದಲ್ಲಿ ನಿಂತು ಮಾಳಿಗೆಯ ಹಗ್ಗವನ್ನೇ ನೋಡುತ್ತಿದ್ದಳು.

"ಅಪ್ಪಾ, ಅದು ಅವ್ವನ ಸೀರಿ ಹೌದಲ್ಲೋ? ಅತ್ತಿ ಹೇಳಿದ್ರು. ಒಮ್ಮೆ ಹೋಗಿ ಮುಟ್ಟಿ ಬರ್ಲೇನು?"

"ಈಗ ಬ್ಯಾಡವಾ. ಹೊಟ್ಟ್ಯಾಗ ಕೂಸೈತಿ."

ಗುಳಿಗೆಯ ಘಾಟಿನ ವಿಷಯ ಹೇಳಿದೆ. ಉಳಿದದ್ದನ್ನೂ ಅವಳಿಗೆ ಹೇಳಲೇಬೇಕಿತ್ತು.

"ಅವತ್ತ ನೀ ಕೇಳಿದಾಗ ನಾ ಕೊಡಬೇಕಿತ್ತು ಮಂಜೀ. ಕೊಟ್ಟಿದ್ರ ನೀ ಎರಡ ವರ್ಷ ಉಡ್ತಿದ್ದಿ, ತೊಳೀತಿದ್ದಿ. ಇವತ್ತ ಕೂಸಿಗೆ ಅವ್ವನ ಸೀರೀನ ಆಗತಿತ್ತು. ನಂದ ತಪ್ಪಾತು."

ಮಂಜುಳಾ ನನ್ನ ಕಡೆ ತಿರುಗಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಅವ್ವ ಇದ್ದಿದ್ರ ಏನ್ ಅಂತಿದ್ಲು ಅಪ್ಪಾ?"

"ಕೂಸ ಮೊದಲು, ಸೀರಿ ಆಮ್ಯಾಲ ಅಂತಿದ್ಲು."

"ಹೌದು" ಎಂದಳು. ಅಷ್ಟು ಹೇಳಿ ಅಳತೊಡಗಿದಳು. ನೀಲವ್ವ ಹೋದ ದಿನ ಗಂಡಸು ಅಳಬಾರದೆಂದು ನಾನು ಮಗ್ಗದ ಮುಂದೆ ಹೋಗಿ ಕೂತಿದ್ದೆ, ಮಗಳು ಒಳಮನೆಯಲ್ಲಿ ಒಬ್ಬಳೇ ಅತ್ತಿದ್ದಳು. ಇವತ್ತು ನಾನು ಎಲ್ಲಿಗೂ ಹೋಗಲಿಲ್ಲ. ಅವಳ ಪಕ್ಕದಲ್ಲೇ ನಿಂತು ಅತ್ತೆ.